ಹೃದ್ರೋಗಿಗಳು ತಜ್ಞ ಫಾರ್ಮಸಿಸ್ಟರ ನೆರವು ಪಡೆಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಹೃದಯದ ಕಾಯಿಲೆಗೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮನೆಗೆ ಹೊರಡುವ ರೋಗಿಯ ಕೈಯಲ್ಲಿ ಎಂಟು ಹತ್ತು ಬಗೆಯ ಮಾತ್ರೆಗಳಿರುವುದು ಈಗ ಸಾಮಾನ್ಯ. ರಕ್ತ ಹೆಪ್ಪುಗಟ್ಟದಂತೆ ಎರಡು, ಕೊಲೆಸ್ಟರಾಲ್‌ಗೆ ಒಂದು, ರಕ್ತದೊತ್ತಡಕ್ಕೂ ಹೃದಯದ ಬಲಕ್ಕೂ ಮೂರು ನಾಲ್ಕು, ಹೊಟ್ಟೆಯುರಿಗೆ ಒಂದು, ಜೊತೆಗೆ ಮೊದಲಿನಿಂದ ಇದ್ದ ಸಕ್ಕರೆ ಕಾಯಿಲೆಯದೋ ಥೈರಾಯ್ಡ್‌ನದೋ ಒಂದೆರಡು. ಇವುಗಳಲ್ಲಿ ಕೆಲವನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ ವಾರಗಳ ಅಂತರದಲ್ಲಿ ಏರಿಸುತ್ತ ಹೋಗಬೇಕು. ಕೆಲವನ್ನು ನಿಗದಿತ ಅವಧಿ ಮುಗಿದ ಮೇಲೆ ನಿಲ್ಲಿಸಬೇಕು. ಇನ್ನು ಕೆಲವನ್ನು ರಕ್ತಪರೀಕ್ಷೆಯ ಫಲಿತಾಂಶ ನೋಡಿಕೊಂಡೇ ಮುಂದುವರಿಸಬೇಕು. ರೋಗವನ್ನು ಗುರುತಿಸಿ ಔಷಧ ಬರೆಯುವುದು ವೈದ್ಯರ ಕೆಲಸ. ಬರೆದ ಔಷಧವು ಆ ರೋಗಿಯ ದೇಹಕ್ಕೆ ಸರಿಯಾದ ಪ್ರಮಾಣದಲ್ಲಿ ಒಗ್ಗುವವರೆಗೂ ಅದರ ಬೆನ್ನು ಬಿಡದಿರುವುದು ಇನ್ನೊಂದು ಕೆಲಸ, ಮತ್ತು ಹೃದ್ರೋಗ ವಿಭಾಗದ ತಜ್ಞ ಫಾರ್ಮಸಿಸ್ಟರು ಬಹುಮಟ್ಟಿಗೆ ಮಾಡುವುದು ಇದನ್ನೇ. ಅವರ ಬಳಿ ಹೋಗುವಾಗ ರೋಗಿಯೂ ಮನೆಯವರೂ ಏನನ್ನು ಒಯ್ಯಬೇಕು, ಏನನ್ನು ಕೇಳಬೇಕು, ಏನನ್ನು ಮುಚ್ಚಿಡಬಾರದು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಮೊದಲು ತಿಳಿಯಬೇಕಾದದ್ದು: ಇವರು ಯಾರು?

ಔಷಧದ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುವವರೂ ಫಾರ್ಮಸಿಸ್ಟರೇ. ಇಲ್ಲಿ ಹೇಳುತ್ತಿರುವುದು ಕ್ಲಿನಿಕಲ್ ಫಾರ್ಮಸಿಸ್ಟರ ಬಗ್ಗೆ, ಅದರಲ್ಲೂ ಆಸ್ಪತ್ರೆಯ ವಾರ್ಡುಗಳಲ್ಲಿ ತರಬೇತಿ ಪಡೆದು ಹೃದ್ರೋಗದ ಔಷಧಗಳಲ್ಲೇ ಪಳಗಿದವರ ಬಗ್ಗೆ. ಇವರು ವೈದ್ಯರ ಜೊತೆ ರೌಂಡ್ಸ್‌ಗೆ ಹೋಗುತ್ತಾರೆ; ಹೃದಯ ವೈಫಲ್ಯದ ಕ್ಲಿನಿಕ್‌ಗಳಲ್ಲಿ ಹಾಗೂ ರಕ್ತ ತೆಳುವಾಗಿಸುವ ಔಷಧಗಳ ಕ್ಲಿನಿಕ್‌ಗಳಲ್ಲಿ ರೋಗಿಗಳನ್ನು ನೋಡುತ್ತಾರೆ. ಇವರಿಗಿರುವ ಅಧಿಕಾರ ಎಲ್ಲ ಕಡೆ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಹೆಚ್ಚುವರಿ ಅರ್ಹತೆ ಪಡೆದ ಫಾರ್ಮಸಿಸ್ಟರು 2006ರಿಂದ ಸ್ವತಂತ್ರವಾಗಿ ಔಷಧ ಬರೆಯಬಹುದಾಗಿದೆ. ಅಮೆರಿಕದಲ್ಲಿ ಹೃದ್ರೋಗದ ಔಷಧಗಳಿಗೆಂದೇ ಪ್ರತ್ಯೇಕ ತಜ್ಞ ಪ್ರಮಾಣಪತ್ರವಿದೆ. ಎಷ್ಟೋ ಕಡೆ ಇವರು ವೈದ್ಯರಿಗೆ ಸಲಹೆ ಕೊಡಬಹುದೇ ಹೊರತು ಚೀಟಿಯನ್ನು ತಾವೇ ತಿದ್ದುವಂತಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ‘ಈ ಪ್ರಮಾಣವನ್ನು ನೀವೇ ಬದಲಿಸುತ್ತೀರೋ, ವೈದ್ಯರ ಒಪ್ಪಿಗೆ ಬೇಕೋ’ ಎಂದು ನೇರವಾಗಿ ಕೇಳಿಕೊಳ್ಳಿ. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಕೇಳದೇ ಹೋದರೆ ಯಾರ ಮಾತಿನ ಮೇಲೆ ಮಾತ್ರೆ ಬದಲಾಯಿತು ಎಂಬುದೇ ಮುಂದೆ ಗೊಂದಲವಾಗುತ್ತದೆ.

ಇಂಥ ಆರೈಕೆಯಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಸಂಶಯಪಡುವವರಿಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೆನಪಿಸಬಹುದು. ಲಾಸ್ ಏಂಜಲೀಸ್ ಪ್ರದೇಶದ ಕ್ಷೌರದಂಗಡಿಗಳಿಗೆ ಬರುತ್ತಿದ್ದ, ರಕ್ತದೊತ್ತಡ ಹತೋಟಿಗೆ ಬಾರದ 319 ಕಪ್ಪು ವರ್ಣೀಯ ಪುರುಷರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಫಾರ್ಮಸಿಸ್ಟರು ಅಂಗಡಿಯಲ್ಲೇ ಭೇಟಿಯಾಗಿ, ವೈದ್ಯರೊಂದಿಗಿನ ಒಪ್ಪಂದದಡಿ ಔಷಧ ಬರೆದು, ಪ್ರಮಾಣ ಹೊಂದಿಸುತ್ತ ಹೋದರು. ಇನ್ನೊಂದು ಗುಂಪಿಗೆ ಕ್ಷೌರಿಕರು ಜೀವನಶೈಲಿ ಬದಲಿಸಿಕೊಳ್ಳುವಂತೆಯೂ ವೈದ್ಯರನ್ನು ಕಾಣುವಂತೆಯೂ ಹೇಳಿದರು. ಆರು ತಿಂಗಳಲ್ಲಿ ಮೊದಲ ಗುಂಪಿನ ಮೇಲಿನ ರಕ್ತದೊತ್ತಡ ಸರಾಸರಿ 27 ಅಂಕ ಇಳಿಯಿತು, ಎರಡನೆಯದರಲ್ಲಿ ಸುಮಾರು 9. ಅಲ್ಲಿ ಬಳಸಿದ್ದು ಬಹಳ ಕಾಲದಿಂದ ಬಳಕೆಯಲ್ಲಿರುವ ಮಾತ್ರೆಗಳನ್ನೇ.

ಹೆಜ್ಜೆ 1: ಮನೆಯಲ್ಲಿರುವ ಔಷಧವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ

ಬರೆದ ಪಟ್ಟಿಗಿಂತ ಮಾತ್ರೆಗಳ ಪಟ್ಟಿಗಳೇ (ಸ್ಟ್ರಿಪ್‌ಗಳೇ) ಹೆಚ್ಚು ಸತ್ಯ ಹೇಳುತ್ತವೆ. ಆದ್ದರಿಂದ ಅರ್ಧ ಬಳಸಿದ್ದು, ನಿಲ್ಲಿಸಿದ್ದು, ಬೇರೆ ವೈದ್ಯರು ಬರೆದದ್ದು, ನೆರೆಯವರು ಹೇಳಿದರೆಂದು ತಂದದ್ದು, ಆಯುರ್ವೇದದ ಚೂರ್ಣ, ವಿಟಮಿನ್ ಮಾತ್ರೆ, ಕಣ್ಣಿಗೆ ಹಾಕುವ ಹನಿ ಎಲ್ಲವನ್ನೂ ಒಯ್ಯಿರಿ. ಕಣ್ಣಿನ ಹನಿ ಏಕೆಂದರೆ, ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಹನಿ ರಕ್ತಕ್ಕೆ ಸೇರಿ ನಾಡಿ ಬಡಿತವನ್ನು ನಿಧಾನಗೊಳಿಸಬಲ್ಲದು. ಹೃದಯಕ್ಕೆ ಅದೇ ವರ್ಗದ ಬೀಟಾ ಬ್ಲಾಕರ್ ಮಾತ್ರೆ ನುಂಗುತ್ತಿರುವವರಲ್ಲಿ ಎರಡೂ ಕೂಡಿ ಬಡಿತ ತೀರ ಇಳಿದೀತು.

ಫಾರ್ಮಸಿಸ್ಟರು ಆ ಚೀಲವನ್ನು ಮೇಜಿನ ಮೇಲೆ ಸುರಿದು ಮಾಡುವ ಮೊದಲ ಕೆಲಸವನ್ನು ಗಮನಿಸಿ. ಅವರು ದಪ್ಪಕ್ಷರದ ಕಂಪನಿ ಹೆಸರನ್ನು ಓದುವುದಿಲ್ಲ. ಪಟ್ಟಿಯನ್ನು ತಿರುಗಿಸಿ, ಬೆಳ್ಳಿಹಾಳೆಯ ಮೇಲೆ ಸಣ್ಣದಾಗಿ ಅಚ್ಚಾದ ಮೂಲ ಔಷಧದ ಹೆಸರನ್ನು ಬೆರಳಿಟ್ಟು ಓದುತ್ತಾರೆ, ಒಂದೇ ಹೆಸರಿನವನ್ನು ಒಂದು ಕಡೆ ಕೂಡಿಸುತ್ತಾರೆ. ಗುಲಾಬಿ ಬಣ್ಣದ ಪಟ್ಟಿಯಲ್ಲೂ ಬಿಳಿ ಪಟ್ಟಿಯಲ್ಲೂ ಇರುವುದು ಮೆಟೊಪ್ರೊಲಾಲೇ ಎಂದು ಹೊರಬೀಳುವುದು ಆಗ. ಒಂದನ್ನು ಆಸ್ಪತ್ರೆಯಲ್ಲಿ ಬರೆದಿರುತ್ತಾರೆ, ಇನ್ನೊಂದನ್ನು ಮೊದಲೇ ಮನೆಯ ಹತ್ತಿರದ ವೈದ್ಯರು ಬರೆದಿರುತ್ತಾರೆ. ರೋಗಿ ಎರಡನ್ನೂ ಶ್ರದ್ಧೆಯಿಂದ ನುಂಗುತ್ತ, ತಲೆ ತಿರುಗುತ್ತಿದೆ ಎಂದು ಹೇಳುತ್ತಿರುತ್ತಾರೆ. ಎರಡು ಔಷಧ ಸೇರಿಸಿ ಮಾಡಿದ ಸಂಯುಕ್ತ ಮಾತ್ರೆಗಳಲ್ಲಿ ಈ ಬಗೆಯ ದ್ವಿಗುಣ ಇನ್ನೂ ಸುಲಭವಾಗಿ ಅಡಗಿಕೊಳ್ಳುತ್ತದೆ. ಆಸ್ಪತ್ರೆಗೆ ಸೇರುವಾಗ, ವಾರ್ಡ್ ಬದಲಾಗುವಾಗ, ಡಿಸ್ಚಾರ್ಜ್ ಆಗುವಾಗ ಈ ತಪಾಸಣೆ ಮುಖ್ಯ. ಒಂದನ್ನೇ ಆರಿಸಬೇಕೆಂದರೆ ಡಿಸ್ಚಾರ್ಜ್ ದಿನದ್ದನ್ನು ಆರಿಸಿಕೊಳ್ಳಿ. ಹಳೆಯ ಮಾತ್ರೆಗಳೂ ಹೊಸ ಮಾತ್ರೆಗಳೂ ಒಂದೇ ಡಬ್ಬಿಗೆ ಸೇರುವುದು ಅಂದೇ.

ಹೆಜ್ಜೆ 2: ಪ್ರತಿ ಮಾತ್ರೆಗೂ ಮೂರು ಪ್ರಶ್ನೆ ಕೇಳಿ

ಇದು ಯಾತಕ್ಕೆ? ಇದರ ಗುರಿ ಪ್ರಮಾಣ ಎಷ್ಟು? ಇದು ಎಲ್ಲಿಯವರೆಗೆ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಉಳಿದೆರಡನ್ನು ಬಹುತೇಕ ಯಾರೂ ಕೇಳುವುದಿಲ್ಲ.

ಹೃದಯದ ಪಂಪು ಮಾಡುವ ಶಕ್ತಿ ಕುಗ್ಗಿರುವ ಹೃದಯ ವೈಫಲ್ಯದಲ್ಲಿ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮಹತ್ವದ್ದು. ಈ ಸ್ಥಿತಿಗೆ ಇಂದು ನಾಲ್ಕು ವರ್ಗದ ಔಷಧಗಳನ್ನು ಆಧಾರಸ್ತಂಭಗಳೆಂದು ಪರಿಗಣಿಸಲಾಗಿದೆ: ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಅಥವಾ ರಾಮಿಪ್ರಿಲ್‌ನಂಥ ಔಷಧ, ಬೈಸೊಪ್ರೊಲಾಲ್, ಕಾರ್ವೆಡಿಲಾಲ್ ಮುಂತಾದ ಬೀಟಾ ಬ್ಲಾಕರ್, ಸ್ಪೈರನೊಲ್ಯಾಕ್ಟೋನ್ ಅಥವಾ ಎಪ್ಲೆರಿನೋನ್, ಮತ್ತು ಮೊದಲು ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು. ಕೊನೆಯ ವರ್ಗವನ್ನು ಬಿಟ್ಟರೆ ಉಳಿದವನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಏರಿಸಬೇಕಾಗುತ್ತದೆ. ಬೈಸೊಪ್ರೊಲಾಲ್ ಸಾಮಾನ್ಯವಾಗಿ 1.25 ಮಿಲಿಗ್ರಾಂನಿಂದ ಆರಂಭವಾಗಿ, ದೇಹ ತಾಳಿಕೊಂಡರೆ 10 ಮಿಲಿಗ್ರಾಂವರೆಗೆ ಹೋಗುತ್ತದೆ. ಎಂದರೆ ಡಿಸ್ಚಾರ್ಜ್ ಚೀಟಿಯಲ್ಲಿರುವುದು ಗುರಿಯ ಎಂಟನೆಯ ಒಂದು ಭಾಗ ಇರಬಹುದು. ಅದೇ ಚೀಟಿಯನ್ನು ತೋರಿಸಿ ವರ್ಷವಿಡೀ ಅದೇ ಮಾತ್ರೆ ಕೊಳ್ಳುತ್ತ ಹೋದರೆ ರೋಗಿ ಔಷಧವನ್ನೇನೋ ತಪ್ಪದೆ ತೆಗೆದುಕೊಂಡಂತಾಗುತ್ತದೆ, ಚಿಕಿತ್ಸೆ ಮಾತ್ರ ಅರ್ಧಕ್ಕೂ ಮುಟ್ಟಿರುವುದಿಲ್ಲ.

ಈ ಏರಿಕೆ ಬೇಗ ನಡೆದಷ್ಟೂ ಒಳಿತು ಎಂಬುದಕ್ಕೆ 2022ರಲ್ಲಿ ಪ್ರಕಟವಾದ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನ ಪುರಾವೆ ಒದಗಿಸಿತು. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದವರಲ್ಲಿ ಒಂದು ಗುಂಪಿಗೆ ಡಿಸ್ಚಾರ್ಜ್ ಆದ ಎರಡು ವಾರಗಳೊಳಗೆ ಔಷಧಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸುವ ಗುರಿಯಿಟ್ಟು, ಪದೇ ಪದೇ ಕರೆಸಿ ಪರೀಕ್ಷಿಸಲಾಯಿತು. 180 ದಿನಗಳಲ್ಲಿ ಸಾವು ಅಥವಾ ಮತ್ತೆ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರುವಿಕೆ ಈ ಗುಂಪಿನಲ್ಲಿ ಶೇ 15.2 ಇದ್ದರೆ, ಎಂದಿನ ಆರೈಕೆ ಪಡೆದವರಲ್ಲಿ ಶೇ 23.3 ಇತ್ತು. ವಾರಕ್ಕೊಮ್ಮೆ ರಕ್ತದೊತ್ತಡ, ನಾಡಿ, ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ನೋಡಿ ಮುಂದಿನ ಮೆಟ್ಟಿಲು ಹತ್ತಿಸುವುದು ಗಡಿಬಿಡಿಯ ಹೊರರೋಗಿ ವಿಭಾಗದಲ್ಲಿ ಹೃದ್ರೋಗ ತಜ್ಞರೊಬ್ಬರಿಂದಲೇ ಆಗುವ ಮಾತಲ್ಲ. ಹಾಗಾಗಿ ಹೃದಯ ವೈಫಲ್ಯದ ರೋಗಿಗಳು ಡಿಸ್ಚಾರ್ಜ್ ಆಗುವ ಮುನ್ನವೇ ಫಾರ್ಮಸಿಸ್ಟರ ಮುಂದಿನ ಭೇಟಿಯ ದಿನಾಂಕವನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಒಂದು ಔಷಧದಿಂದ ಇನ್ನೊಂದಕ್ಕೆ ಬದಲಿಸುವಾಗಲೂ ಇವರ ಕಣ್ಣು ಬೇಕು. ರಾಮಿಪ್ರಿಲ್, ಎನಾಲಪ್ರಿಲ್ ವರ್ಗದ ಮಾತ್ರೆಯಿಂದ ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್‌ಗೆ ಹೋಗುವವರು ಹಳೆಯದರ ಕೊನೆಯ ಮಾತ್ರೆಗೂ ಹೊಸದರ ಮೊದಲ ಮಾತ್ರೆಗೂ ನಡುವೆ 36 ಗಂಟೆ ಬಿಡಬೇಕು. ಇಲ್ಲವಾದರೆ ಮುಖ, ನಾಲಿಗೆ, ಗಂಟಲು ಊದಿಕೊಂಡು ಉಸಿರು ಕಟ್ಟುವ ಅಪಾಯವಿದೆ. ಯಾವ ದಿನ, ಯಾವ ಹೊತ್ತಿಗೆ ಶುರು ಮಾಡಬೇಕೆಂದು ಕಾಗದದ ಮೇಲೆ ಬರೆಸಿಕೊಳ್ಳಿ.

ಹೆಜ್ಜೆ 3: ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳಿಗೆ ಪ್ರತ್ಯೇಕ ಸಮಯ ಕೊಡಿ

ಮೂರನೆಯ ಪ್ರಶ್ನೆ, ಅಂದರೆ ‘ಎಲ್ಲಿಯವರೆಗೆ’ ಎಂಬುದು ಇಲ್ಲಿ ಜೀವಕ್ಕೆ ಸಂಬಂಧಿಸಿದ್ದು. ಹೃದಯಾಘಾತವಾಗಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್ ಸಾಮಾನ್ಯವಾಗಿ 12 ತಿಂಗಳು ಇರುತ್ತದೆ. ರಕ್ತಸ್ರಾವದ ಸಂಭವ ಹೆಚ್ಚಿರುವವರಲ್ಲಿ ವೈದ್ಯರು ಅವಧಿ ಕಡಿಮೆ ಮಾಡಬಹುದು. ಇದನ್ನು ತಾವಾಗಿಯೇ ಬೇಗ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗುವ ಭಯವಿದೆ. ಹಲ್ಲು ಕೀಳಿಸುವುದಿದೆ ಎಂದು ಮನೆಯಲ್ಲೇ ನಿರ್ಧರಿಸಿ ಎರಡನ್ನೂ ಬಿಟ್ಟವರನ್ನು ಹೃದ್ರೋಗ ವಿಭಾಗಗಳು ಮತ್ತೆ ಮತ್ತೆ ನೋಡುತ್ತವೆ. ದಂತವೈದ್ಯರು ನಿಲ್ಲಿಸಿ ಎಂದರೂ ಒಮ್ಮೆ ಹೃದ್ರೋಗ ವಿಭಾಗದವರೊಂದಿಗೆ ಮಾತಾಡಿಸಿ. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಸ್ಟೆಂಟಿನ ಜೊತೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಅನಿಯಮಿತ ಬಡಿತವೂ ಇರುವವರಿಗೆ ಕೆಲಕಾಲ ಮೂರು ಬಗೆಯ ರಕ್ತ ತೆಳುವಾಗಿಸುವ ಔಷಧ ಕೊಟ್ಟು, ಆಸ್ಪಿರಿನ್ನನ್ನು ಬಹುಪಾಲು ರೋಗಿಗಳಲ್ಲಿ ಕೆಲವೇ ವಾರಗಳೊಳಗೆ ಬಿಡಿಸುತ್ತಾರೆ. ಬಿಡಿಸಬೇಕಾದ ದಿನ ಯಾರ ನೆನಪಿಗೂ ಬಾರದೆ ಮೂರೂ ತಿಂಗಳುಗಟ್ಟಲೆ ಮುಂದುವರಿದರೆ ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತಸ್ರಾವವಾಗಬಹುದು. ಆ ದಿನಾಂಕವನ್ನು ಮಾತ್ರೆ ಡಬ್ಬಿಯ ಮೇಲೇ ಬರೆದಿಡಿ.

ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐಎನ್‌ಆರ್ ಪರೀಕ್ಷೆ ತಪ್ಪದು. ಹೆಚ್ಚಿನವರಲ್ಲಿ ಅದು 2ರಿಂದ 3ರ ನಡುವೆ ಇರಬೇಕು. ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಹಾಕಿದ್ದರೆ ತುಸು ಮೇಲೆ, 2.5ರಿಂದ 3.5ರ ನಡುವೆ ಇರಿಸುತ್ತಾರೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಕೊ-ಟ್ರೈಮಾಕ್ಸಜೋಲ್, ಅಮಿಯೊಡರೋನ್ ಇವೆಲ್ಲ ಐಎನ್‌ಆರ್ ಅನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಆದ್ದರಿಂದ ಬೇರೆ ಯಾವ ವೈದ್ಯರು ಹೊಸ ಮಾತ್ರೆ ಬರೆದರೂ ಅದೇ ದಿನ ಫಾರ್ಮಸಿಸ್ಟರಿಗೆ ಫೋನ್ ಮಾಡಿ ಹೇಳಿ. ಅವರು ಐಎನ್‌ಆರ್ ಪರೀಕ್ಷೆಯನ್ನು ನಿಗದಿತ ದಿನಕ್ಕಿಂತ ಬೇಗ ಮಾಡಿಸುತ್ತಾರೆ. ಸೊಪ್ಪನ್ನು ಪೂರ್ತಿ ಬಿಡಬೇಕೆಂಬ ಮಾತು ತಪ್ಪು. ಅದರಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿಗೆ ಎದುರಾಗಿ ಕೆಲಸ ಮಾಡುವುದು ನಿಜವಾದರೂ, ತಿನ್ನುವ ಪ್ರಮಾಣ ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು.

ಹೊಸ ತಲೆಮಾರಿನ ಅಪಿಕ್ಸಾಬಾನ್, ರಿವರಾಕ್ಸಾಬಾನ್, ಡಾಬಿಗಟ್ರಾನ್‌ಗಳಿಗೆ ಐಎನ್‌ಆರ್ ಬೇಡ ಎಂಬುದನ್ನೇ ‘ಯಾವ ಪರೀಕ್ಷೆಯೂ ಬೇಡ’ ಎಂದು ಹಲವರು ತಿಳಿದುಕೊಳ್ಳುತ್ತಾರೆ. ಇವುಗಳ ಪ್ರಮಾಣ ನಿರ್ಧಾರವಾಗುವುದು ಮೂತ್ರಪಿಂಡದ ಸಾಮರ್ಥ್ಯ, ವಯಸ್ಸು, ತೂಕಗಳ ಮೇಲೆ. ಏಟ್ರಿಯಲ್ ಫಿಬ್ರಿಲೇಷನ್‌ಗೆ ಕೊಡುವ ಅಪಿಕ್ಸಾಬಾನ್ ವಿಷಯದಲ್ಲಿ 80 ಅಥವಾ ಅದಕ್ಕಿಂತ ಹೆಚ್ಚು ವಯಸ್ಸು, 60 ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕ, ರಕ್ತದ ಪ್ರತಿ ಡೆಸಿಲೀಟರ್‌ಗೆ 1.5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕ್ರಿಯಾಟಿನಿನ್ ಎಂಬ ಮೂರರಲ್ಲಿ ಎರಡಾದರೂ ಇದ್ದರೆ 5 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಡುತ್ತಾರೆ. ಎರಡಿಲ್ಲದಿದ್ದರೂ ‘ವಯಸ್ಸಾಗಿದೆ, ಕಡಿಮೆಯೇ ಇರಲಿ’ ಎಂದು ತಗ್ಗಿಸಿದರೆ ಪಾರ್ಶ್ವವಾಯುವಿನಿಂದ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ; ಇಂಥ ಅನಗತ್ಯ ಕಡಿತವನ್ನು ಹಿಡಿಯುವುದರಲ್ಲಿ ಫಾರ್ಮಸಿಸ್ಟರು ನಿಪುಣರು. ರಿವರಾಕ್ಸಾಬಾನ್‌ನ 15 ಮತ್ತು 20 ಮಿಲಿಗ್ರಾಂ ಮಾತ್ರೆಗಳನ್ನು ಊಟದ ಜೊತೆಗೇ ನುಂಗಬೇಕು, ಡಾಬಿಗಟ್ರಾನ್ ಕ್ಯಾಪ್ಸೂಲನ್ನು ಬಿಡಿಸಿ ಪುಡಿಯಾಗಿ ತೆಗೆದುಕೊಳ್ಳಬಾರದು, ಲೋಹದ ಕವಾಟವಿರುವವರಿಗೆ ಈ ಹೊಸ ಔಷಧಗಳಾವುವೂ ಸಲ್ಲವು.

ಹೆಜ್ಜೆ 4: ಚೀಟಿಯಿಲ್ಲದೆ ಕೊಳ್ಳುವ ಮುನ್ನ ಕೇಳಿ

ಮಂಡಿನೋವಿಗೆ ತಂದುಕೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಹೃದಯ ವೈಫಲ್ಯವನ್ನು ಉಲ್ಬಣಿಸುತ್ತವೆ. ರಾಮಿಪ್ರಿಲ್ ವರ್ಗದ ಮಾತ್ರೆ ಮತ್ತು ಮೂತ್ರವರ್ಧಕಗಳ ಜೊತೆ ಇವೂ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು ಬಿದ್ದಂತೆ. ಐಬುಪ್ರೊಫೆನ್ನಂತೂ ಆಸ್ಪಿರಿನ್ನಿನ ಕೆಲಸಕ್ಕೂ ಅಡ್ಡ ಬರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ ಆಯ್ಕೆಯಾದರೂ, ನೀರಿನಲ್ಲಿ ಬುರುಗೆದ್ದು ಕರಗುವ ಬಗೆಯದರಲ್ಲಿ ಸೋಡಿಯಂ ಹೆಚ್ಚಿರುತ್ತದೆ. ಮೂಗು ಕಟ್ಟಿದಾಗ ನುಂಗುವ ಸೂಡೊಎಫೆಡ್ರಿನ್ ರಕ್ತದೊತ್ತಡ ಏರಿಸಬಲ್ಲದು. ಯಷ್ಟಿಮಧುವನ್ನು ಹೆಚ್ಚಾಗಿ ಬಹುಕಾಲ ಬಳಸಿದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಸೋಡಿಯಂ ಕಡಿಮೆಯೆಂದು ಮಾರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುವುದರಿಂದ ಸ್ಪೈರನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಅದು ಅಪಾಯಕಾರಿ. ಕ್ಲೊಪಿಡೊಗ್ರೆಲ್ ಇರುವವರು ಹೊಟ್ಟೆಯುರಿಗೆ ಒಮೆಪ್ರಜೋಲ್ ತಾವೇ ಕೊಳ್ಳುವ ಬದಲು ಫಾರ್ಮಸಿಸ್ಟರನ್ನು ಕೇಳಿದರೆ ಅವರು ಪ್ಯಾಂಟೊಪ್ರಜೋಲ್‌ನಂಥದ್ದನ್ನು ಸೂಚಿಸುತ್ತಾರೆ.

ನಾಚಿಕೆಯಿಂದ ಹೇಳದೆ ಉಳಿಯುವ ಒಂದು ವಿಷಯವೂ ಇದೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಅಥವಾ ಅದೇ ವರ್ಗದ ಬೇರೆ ಮಾತ್ರೆ ಬಳಸುವವರು ಲೈಂಗಿಕ ಸಾಮರ್ಥ್ಯಕ್ಕೆಂದು ಸಿಲ್ಡೆನಾಫಿಲ್, ಟಡಾಲಾಫಿಲ್ ನುಂಗಬಾರದು. ಎರಡೂ ಕೂಡಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಫಾರ್ಮಸಿಸ್ಟರು ಈ ಪ್ರಶ್ನೆಯನ್ನು ದಿನವೂ ಎದುರಿಸುವವರು, ಸಂಕೋಚ ಬೇಡ.

ಹೆಜ್ಜೆ 5: ಮನೆಯ ದಾಖಲೆ ಇಟ್ಟುಕೊಳ್ಳಿ

ಬೆಳಗ್ಗೆ ಮೂತ್ರವಿಸರ್ಜನೆಯಾದ ಮೇಲೆ, ತಿಂಡಿಗೆ ಮುಂಚೆ ತೂಕ. ಐದು ನಿಮಿಷ ಕುಳಿತು ವಿಶ್ರಮಿಸಿದ ನಂತರ ರಕ್ತದೊತ್ತಡ ಮತ್ತು ನಾಡಿ. ಇಷ್ಟು ಸಾಕು. ಮೂರು ದಿನಗಳಲ್ಲಿ 2 ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು, ಅಂದೇ ತಿಳಿಸಿ. ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್‌ಗಳನ್ನು ಶುರು ಮಾಡಿದ ಅಥವಾ ಏರಿಸಿದ ಒಂದೆರಡು ವಾರಗಳಲ್ಲಿ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು. ಕ್ರಿಯಾಟಿನಿನ್ ತುಸು ಏರಿದ ಮಾತ್ರಕ್ಕೆ ಗಾಬರಿಯಾಗಿ ಮಾತ್ರೆ ಬಿಡಬೇಡಿ, ಅಲ್ಪ ಏರಿಕೆ ನಿರೀಕ್ಷಿತವೇ. ಎಷ್ಟರವರೆಗೆ ತಾಳಬಹುದೆಂದು ಫಾರ್ಮಸಿಸ್ಟರು ಹೇಳುತ್ತಾರೆ.

ಹೆಜ್ಜೆ 6: ತಪ್ಪಿದ ಮಾತ್ರೆಯನ್ನೂ ಆದ ತೊಂದರೆಯನ್ನೂ ಇದ್ದಂತೆ ಹೇಳಿ

ದೀರ್ಘಕಾಲದ ಕಾಯಿಲೆಗಳಲ್ಲಿ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತ್ತು. ಆದ್ದರಿಂದ ಮಾತ್ರೆ ತಪ್ಪಿತು ಎಂದರೆ ಫಾರ್ಮಸಿಸ್ಟರಿಗೆ ಆಶ್ಚರ್ಯವೇನೂ ಆಗದು. ತಪ್ಪಿದ್ದನ್ನು ಮುಚ್ಚಿಟ್ಟರೆ ಮಾತ್ರ ತೊಂದರೆ; ರಕ್ತದೊತ್ತಡ ಇಳಿಯದಿರುವುದನ್ನು ಕಂಡು ಅವರು ಪ್ರಮಾಣ ಏರಿಸುತ್ತಾರೆ, ಮುಂದೊಂದು ದಿನ ರೋಗಿ ಎಲ್ಲವನ್ನೂ ಕ್ರಮವಾಗಿ ನುಂಗಿದಾಗ ತಲೆ ಸುತ್ತಿ ಬೀಳುತ್ತಾರೆ. ಏಕೆ ತಪ್ಪುತ್ತಿದೆ ಎಂದು ಹೇಳಿ: ಬೆಲೆಯೇ, ದಿನಕ್ಕೆ ಮೂರು ಹೊತ್ತಿನ ಕಿರಿಕಿರಿಯೇ, ನೀರಿನ ಮಾತ್ರೆ (ಮೂತ್ರವರ್ಧಕ) ನುಂಗಿ ಹೊರಗೆ ಹೋದರೆ ಶೌಚಾಲಯ ಸಿಗುವುದಿಲ್ಲವೆಂಬ ಆತಂಕವೇ. ಕೊನೆಯದಕ್ಕೆ ಸುಲಭ ಪರಿಹಾರವಿದೆ. ಬಹಳ ಜನರಲ್ಲಿ ಆ ಮಾತ್ರೆಯ ಹೊತ್ತನ್ನು ಮುಂದೂಡಬಹುದು.

ಅಡ್ಡಪರಿಣಾಮಗಳಲ್ಲಿ ಕೆಲವಕ್ಕೆ ಬದಲಿ ಔಷಧವೇ ಮದ್ದು. ರಾಮಿಪ್ರಿಲ್‌ನ ಒಣಕೆಮ್ಮಿಗೆ ಕೆಮ್ಮಿನ ಸಿರಪ್ ಕುಡಿಯುತ್ತ ಕೂರಬೇಕಿಲ್ಲ. ಸ್ಪೈರನೊಲ್ಯಾಕ್ಟೋನ್‌ನಿಂದ ಗಂಡಸರಿಗೆ ಎದೆ ಊದಿ ನೋವಾದರೆ ಎಪ್ಲೆರಿನೋನ್ ಇದೆ. ಟಿಕಾಗ್ರೆಲಾರ್‌ನಿಂದ ಉಸಿರು ಹತ್ತಿದಂತಾಗುವುದೂ ಉಂಟು, ಆದರೆ ಅದು ಮಾತ್ರೆಯದೋ ಹೃದಯದ್ದೋ ಎಂದು ವೈದ್ಯರು ನೋಡಿಯೇ ನಿರ್ಧರಿಸಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಕಥೆ ಬೇರೆ. ಅಡ್ಡಪರಿಣಾಮವೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲದಂತೆ ಅದಲುಬದಲು ಮಾಡಿ ಕೊಟ್ಟ 2020ರ ಅಧ್ಯಯನದಲ್ಲಿ, ಸ್ಟ್ಯಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇ 90ರಷ್ಟು ಹುಸಿ ಮಾತ್ರೆಯ ತಿಂಗಳುಗಳಲ್ಲೂ ಕಂಡಿತು. ನೋವು ಸುಳ್ಳು ಎಂದು ಇದರ ಅರ್ಥವಲ್ಲ. ಮಾತ್ರೆಯನ್ನು ಶಾಶ್ವತವಾಗಿ ಬಿಡುವ ಮುನ್ನ ಪ್ರಮಾಣ ತಗ್ಗಿಸಿ, ಬೇರೆ ಸ್ಟ್ಯಾಟಿನ್‌ಗೆ ಬದಲಿಸಿ ನೋಡಲು ಅವಕಾಶವಿದೆ. ಆದರೆ ತೀವ್ರ ಸ್ನಾಯುನೋವಿನ ಜೊತೆ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಬೇಕು.

ಹೆಜ್ಜೆ 7: ವಾಂತಿಭೇದಿಯ ದಿನಗಳಿಗೂ ತುರ್ತಿಗೂ ಮೊದಲೇ ಸೂಚನೆ ಬರೆಸಿಕೊಳ್ಳಿ

ವಾಂತಿಭೇದಿಯಾಗಿ ನೀರೂ ಇಳಿಯದ ದಿನಗಳಲ್ಲಿ ಮೂತ್ರವರ್ಧಕ, ರಾಮಿಪ್ರಿಲ್ ವರ್ಗದ ಮಾತ್ರೆ, ಸ್ಪೈರನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್‌ಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗಬಹುದು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಏನೇ ಆದರೂ ಬಿಡಬಾರದು, ಮತ್ತೆ ಯಾವಾಗ ಶುರುಮಾಡಬೇಕು ಎಂಬುದು ರೋಗಿಯಿಂದ ರೋಗಿಗೆ ಬೇರೆಯಾಗುವುದರಿಂದ ಇದನ್ನು ಆರೋಗ್ಯವಾಗಿದ್ದಾಗಲೇ ಕೇಳಿ ಬರೆಸಿಟ್ಟುಕೊಳ್ಳಿ. ಡಿಗಾಕ್ಸಿನ್ ತೆಗೆದುಕೊಳ್ಳುವವರು ವಾಕರಿಕೆ, ಹಸಿವಿಲ್ಲದಿರುವಿಕೆ, ಕಣ್ಣಿಗೆ ಹಳದಿ ಛಾಯೆ ಕಾಣುವುದನ್ನು ಹೊಟ್ಟೆಯ ತೊಂದರೆ ಎಂದುಕೊಳ್ಳದೆ ಕೂಡಲೇ ತಿಳಿಸಬೇಕು. ಅದು ಔಷಧ ಮಿತಿ ಮೀರಿದ ಗುರುತಿರಬಹುದು.

ಎದೆಯಲ್ಲಿ ಒತ್ತಿದಂಥ ನೋವು ಬಂದರೆ ಫಾರ್ಮಸಿಸ್ಟರ ನಂಬರು ಹುಡುಕುವ ಹೊತ್ತು ಅದಲ್ಲ. ವೈದ್ಯರು ನೈಟ್ರೋಗ್ಲಿಸರಿನ್ ಕೊಟ್ಟಿದ್ದರೆ ಕುಳಿತುಕೊಂಡು ಒಂದನ್ನು ನಾಲಿಗೆಯಡಿ ಇಟ್ಟುಕೊಳ್ಳಿ; ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ ಆಂಬುಲೆನ್ಸ್ ಕರೆಸಿ. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕಪ್ಪು ಮಲ, ನಿಲ್ಲದ ರಕ್ತಸ್ರಾವ, ರಕ್ತ ತೆಳುವಾಗಿಸುವ ಮಾತ್ರೆ ಇರುವಾಗ ತಲೆಗೆ ಬಿದ್ದ ಪೆಟ್ಟು ಇವಕ್ಕೂ ಆಸ್ಪತ್ರೆಯೇ ದಾರಿ.

ಉಳಿದಂತೆ ಪ್ರತಿ ಭೇಟಿಯ ಕೊನೆಗೆ ದಿನಾಂಕ ಹಾಕಿದ ಹೊಸ ಪಟ್ಟಿಯೊಂದನ್ನು ಕೇಳಿ ಪಡೆಯಿರಿ. ಅದರಲ್ಲಿ ನಿಲ್ಲಿಸಿದ ಔಷಧದ ಹೆಸರೂ ನಿಲ್ಲಿಸಿದ ಕಾರಣವೂ ಇರಲಿ, ಏಕೆಂದರೆ ಕಾರಣ ತಿಳಿಯದ ಮುಂದಿನ ವೈದ್ಯರು ಅದನ್ನೇ ಮತ್ತೆ ಬರೆಯುವ ಸಾಧ್ಯತೆ ಇದೆ. ಒಂದು ಪ್ರತಿ ಮನೆಯ ಹತ್ತಿರದ ವೈದ್ಯರಿಗೆ, ಒಂದು ಔಷಧ ಕೊಳ್ಳುವ ಅಂಗಡಿಗೆ, ಒಂದರ ಚಿತ್ರ ಮನೆಯವರ ಮೊಬೈಲಿನಲ್ಲಿ. ಹಳೆಯ ಪಟ್ಟಿಯನ್ನು ಹರಿದು ಹಾಕಿ, ಬಳಕೆಯಲ್ಲಿಲ್ಲದ ಮಾತ್ರೆಗಳನ್ನು ಫಾರ್ಮಸಿಸ್ಟರಿಗೇ ಒಪ್ಪಿಸಿ ಬನ್ನಿ.